ಲೆಕ್ಕಕ್ಕಿಲ್ಲದ ಮಟ್ಟುಗಳು

ಜನವರಿ 9, ಮಂಗಳವಾರ

ಈ ನೋಟ್‌ಬುಕ್ಕು ರೆಕಾರ್ಡಿಂಗಿನ ಸೆಟ್ಟಿಂಗುಗಳನ್ನು ಬರೆದಿಡಲು ತಂದದ್ದು. ಬೇರೇನೂ ಇದರಲ್ಲಿ ಬರೆಯುವುದಿಲ್ಲ. ಎಂಟನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು ನಾನು. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಏನನ್ನೇ ಆಗಲಿ ಮೂರು ಸಲ ಓದಬೇಕು, ಆಮೇಲೂ ಅನುಮಾನ ಹೋಗುವುದಿಲ್ಲ. ಬರೆದರೆ ಸ್ವಲ್ಪ ನಿಲ್ಲುತ್ತದೆ.

ಮೊದಲು ವಿಷಯ ಏನೆಂದು ಬರೆದುಕೊಳ್ಳುತ್ತೇನೆ. ಗಾಬರಿಯಲ್ಲಿ ಅದೇ ಮರೆತುಹೋಗಬಹುದು.

ಗುನ್‌ವೋರ್ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಎಪ್ಪತ್ತೆಂಟು ವರ್ಷ. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಅಂಗೈ ಕಡೆಗೆ ಬಾಗುತ್ತಿವೆ. ನಮ್ಮ ಕಡೆ ಹಲವರಿಗೆ ಬರುತ್ತದೆ, ವೈಕಿಂಗ್ ಕಾಯಿಲೆ ಅನ್ನುತ್ತಾರೆ. ಮಾರ್ಚ್ 12ಕ್ಕೆ ಆಪರೇಷನ್. ಬೆರಳು ನೆಟ್ಟಗಾಗುತ್ತದೆ, ಆದರೆ ಪಿಟೀಲಿಗೆ ಒಗ್ಗುತ್ತದೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಮಾಡಿಸದೆ ಇದ್ದರೆ ಖಂಡಿತ ಒಗ್ಗುವುದಿಲ್ಲ.

ದೋಣಿಯವನಾಗಿದ್ದ ನಮ್ಮ ತಾತ ಹಾಲ್ಡೋರ್ ಪಿಟೀಲಿಗೆ ಕಟ್ಟಿದ ಮಟ್ಟುಗಳು ಬರುವುದು ಅತ್ತೆಗೆ ಮಾತ್ರ. ಅಪ್ಪನಿಗೆ ಬರಲಿಲ್ಲ. ನನಗೆ ಪಿಟೀಲು ಹಿಡಿಯಲೂ ಬಾರದು. ಜನಪದ ಸಂಗೀತ ಸಂಗ್ರಹಾಲಯದ ರಾಂಡಿ ಎಂಬ ಹೆಂಗಸು ಬೇಸಿಗೆಯಿಂದ ಅತ್ತೆಯ ಬೆನ್ನು ಹತ್ತಿದ್ದಾರೆ. ಪಟ್ಟಣದ ಸ್ಟುಡಿಯೋಗೆ ಬನ್ನಿ ಅಂದರು. "ಅಷ್ಟು ದೊಡ್ಡವರು ನಾವಲ್ಲ," ಅಂದರು ಅತ್ತೆ. ರಾಂಡಿಯೇ ಬರೋಣವೆಂದರೆ ಏಪ್ರಿಲ್‌ವರೆಗೆ ಅವರಿಗೆ ಬಿಡುವಿಲ್ಲ. ಮನೆಯಲ್ಲೇ ಯಾರಾದರೂ ಚೊಕ್ಕವಾಗಿ ರೆಕಾರ್ಡ್ ಮಾಡಿ ಕಳಿಸಿ ಎಂದು ಕಾಗದ ಬರೆದರು. ಕ್ರಿಸ್‌ಮಸ್ ಊಟದಲ್ಲಿ ಅತ್ತೆ ಎಲ್ಲರ ಮುಂದೆ ನನ್ನ ಕಡೆ ತೋರಿಸಿ, "ಸೀವರ್ ಮಾಡ್ತಾನೆ ಬಿಡಿ. ಅವನ ಹತ್ರ ಯಂತ್ರ ಇರ್ತವೆ," ಅಂದುಬಿಟ್ಟರು.

ನಾನು ಪುರಸಭೆಯ ಕಸದ ಯಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿರುವ ಯಂತ್ರ ಹಳೇ ಸೋಫಾ ಜಜ್ಜುವಂಥದ್ದು. ಬಾಯಿ ತುಂಬ ಮಾಂಸ ಇತ್ತು, ಇಲ್ಲ ಅನ್ನಲಾಗಲಿಲ್ಲ.

ಅರವತ್ತಮೂರು ದಿನ ಇದೆ.

ಜನವರಿ 11, ಗುರುವಾರ

ಯಾರ್ಡಿನ ಗುಡಿಸಲಿನಲ್ಲಿ ಕಾಫಿ ಕುಡಿಯುವಾಗ ಟೊರ್ಲೈಫ್‌ಗೆ ಹೇಳಿದೆ. ಹೇಳಬಾರದಿತ್ತು. ಹದಿನಾಲ್ಕು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದೇವೆ, ಅವನಿಗೆ ಯಾವುದೂ ಕಷ್ಟ ಅಂತ ಕಂಡದ್ದೇ ಇಲ್ಲ.

"ಫೋನ್ ಇಲ್ವಾ ನಿಂಗೆ?"

"ಇದೆ."

"ಅದ್ರಲ್ಲೊಂದು ಕೆಂಪು ಗುಂಡಿ ಇದೆ. ಒತ್ತು. ನಿಮ್ಮತ್ತೆ ನುಡಿಸ್ತಾರೆ. ಇನ್ನೊಂದ್ಸಲ ಒತ್ತು. ಮನೆಗೆ ಬಾ."

"ನಡುವೆ ಯಾರಾದ್ರೂ ಫೋನ್ ಮಾಡಿದ್ರೆ?"

"ನಿಂಗೆ ಯಾರು ಮಾಡ್ತಾರೆ ಮಾರಾಯ?"

"ಹಲ್ಲಿನ ಡಾಕ್ಟರು ಮಾಡ್ಬೋದು."

ಆದರೂ ಸಂಜೆ ಪರೀಕ್ಷೆ ಮಾಡಿದೆ. ರೇಡಿಯೋದಲ್ಲಿ ಪಿಟೀಲು ಬರುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಮ್ಮ ಕಡೆಯ ಪಿಟೀಲಿಗೆ ಮೇಲಿನ ತಂತಿಗಳಲ್ಲದೆ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಅವನ್ನು ಯಾರೂ ಮುಟ್ಟುವುದಿಲ್ಲ, ತಮ್ಮಷ್ಟಕ್ಕೆ ಗುಂಯ್ ಅನ್ನುತ್ತವೆ. ಫೋನಿನಲ್ಲಿ ಆ ಗುಂಯ್ ಮಾಯ. ಮಾತಿಗಾಗಿ ಮಾಡಿದ ಫೋನು ಅದನ್ನು ಗಲಾಟೆ ಎಂದು ತಿಳಿದು ಗುಡಿಸಿಹಾಕಿದೆ.

ಟೊರ್ಲೈಫ್ ತಪ್ಪು, ನಾನು ಸರಿ. ಖುಷಿಯಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಈಗ ಸಾಮಾನು ಕೊಳ್ಳಬೇಕು.

ಜನವರಿ 15, ಸೋಮವಾರ

ಸಾಫ್ಟ್‌ವೇರ್ ಆರಿಸಲು ನಾಲ್ಕು ದಿನ ಹಿಡಿಯಿತು. ಮೂರು ಸಿಕ್ಕಿದ್ದವು.

ಮೊದಲನೆಯದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಅದರಲ್ಲಿ ಡ್ರಮ್ಮಿನ ಸದ್ದು ಸಾವಿರ ಬಗೆ ಇದೆಯಂತೆ. ಅತ್ತೆ ಡ್ರಮ್ಮು ಕೇಳಲಿಲ್ಲ.

ಎರಡನೆಯದನ್ನು ಅರವತ್ತು ದಿನ ಸುಮ್ಮನೆ ಬಳಸಬಹುದು. ಆಮೇಲೂ ಅದು ನಿಲ್ಲುವುದಿಲ್ಲ, ತೆರೆದಾಗಲೆಲ್ಲ ಕೊಂಡುಕೊಳ್ಳಿ ಎಂದು ಮರ್ಯಾದೆಯಿಂದ ಕೇಳುತ್ತದಂತೆ. ಆಪರೇಷನ್ನಿಗೆ ಇನ್ನು ಐವತ್ತೇಳು ದಿನ. ಅದು ನಾಲ್ಕು ದಿನ ಮುಂದೆ ಹೋದರೂ ನಾನು ಕಳ್ಳನಾಗಿರಬೇಕಾಗುತ್ತದೆ. ಅದಲ್ಲದೆ ಮೆನು ಪೂರ್ತಿ ಇಂಗ್ಲಿಷು.

ಮೂರನೆಯದು ಉಚಿತ. ನೋಡಲು ಹಳೇ ತೆರಿಗೆ ಕಚೇರಿಯ ಫಾರಂ ಇದ್ದ ಹಾಗಿದೆ. ಆದರೆ ಮೆನು ನಾರ್ವೇಜಿಯನ್‌ನಲ್ಲಿ ಇದೆ, ಕೆಂಪು ಗುಂಡಿ ದೊಡ್ಡದಿದೆ, ಧ್ವನಿ ಅಲೆಯಾಗಿ ಕಾಣುತ್ತದೆ. ಇದನ್ನೇ ಹಾಕಿಕೊಂಡೆ. ಉಚಿತ ಯಾಕೆ ಎಂಬ ಚಿಂತೆ ಉಳಿದಿದೆ.

ಜನವರಿ 20, ಶನಿವಾರ

ಸಾಮಾನು ಬಂತು. ಒಂದು ಮೈಕು, ಅದರ ಸ್ಟ್ಯಾಂಡು, ಒಂದು ಹೆಡ್‌ಫೋನು. ಮೈಕಿಗೂ ಕಂಪ್ಯೂಟರಿಗೂ ನಡುವೆ ಇಡುವ ಒಂದು ಪುಟ್ಟ ಕೆಂಪು ಪೆಟ್ಟಿಗೆ. ಭಾಷಣದವರು ಹಿಡಿಯುವ ಒರಟು ಮೈಕು ಅಗ್ಗ, ಬಿದ್ದರೂ ಒಡೆಯದು, ಆದರೆ ತಂತಿಯ ಗುಂಯ್ ಅದಕ್ಕೆ ಹತ್ತುವುದಿಲ್ಲ. ನಾನು ತಂದದ್ದು ಸೂಕ್ಷ್ಮದ ಮೈಕು. ತಂದ ಮೇಲೆ ಅದರ ಪಕ್ಕ ಉಸಿರಾಡಲೂ ಹೆದರಿಕೆ.

ಜೋಡಿಸಿದೆ. ಒಂದು ಸದ್ದೂ ಬರಲಿಲ್ಲ. ಎರಡು ತಾಸು ಎಲ್ಲ ತಂತಿ ಕಿತ್ತು ಹಾಕಿ, ಕಿತ್ತು ಹಾಕಿ, ಕೊನೆಗೆ ಅಂಗಡಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ.

"ನಲವತ್ತೆಂಟು ಅಂತ ಒಂದು ಗುಂಡಿ ಇದೆ ನೋಡಿ, ಅದನ್ನ ಒತ್ತಿ," ಅಂದ ಅಂಗಡಿಯವನು.

"ಅದು ವೋಲ್ಟು."

"ಹೌದು. ಆ ಮೈಕಿಗೆ ಕರೆಂಟು ಬೇಕು."

"ಅತ್ತೆಗೆ ಎಪ್ಪತ್ತೆಂಟು ವರ್ಷ."

"ಮೈಕನ್ನ ಅವರು ಬಾಯಲ್ಲಿ ಇಟ್ಕೊಳ್ಳಲ್ಲ ತಾನೆ?"

ಇಲ್ಲ ಅಂದೆ. ಆದರೂ ಮೊದಲು ನಾನೇ ಒದ್ದೆ ಕೈಯಿಂದ ಮುಟ್ಟಿ ನೋಡಿದೆ. ಏನೂ ಆಗಲಿಲ್ಲ. ಒಣ ಕೈಯಿಂದಲೂ ಮುಟ್ಟಿದೆ.

ಸೆಟ್ಟಿಂಗ್: 48 ಒತ್ತಿರಬೇಕು. ಲೆವೆಲ್, ಅಂದರೆ ಸದ್ದಿನ ಅಳತೆ, ಮೈನಸ್ ಹನ್ನೆರಡು ದಾಟಬಾರದು. ಕೆಂಪು ಬಂದರೆ ಕೆಟ್ಟಿತು.

ಜನವರಿ 24, ಬುಧವಾರ

ಇಂದು ಮೊದಲ ಸಲ ಸಾಮಾನು ಹೊತ್ತು ಅತ್ತೆಯ ಮನೆಗೆ ಹೋದೆ. ಕೆರೆಯ ಆಚೆ ದಡ, ಕಾರಿನಲ್ಲಿ ಇಪ್ಪತ್ತು ನಿಮಿಷ. ಬರೀ ಕ್ರಿಸ್‌ಮಸ್ಸಿಗೆ ಹೋಗುವ ಮನೆ. ಅರ್ಧ ತಾಸಿನಲ್ಲಿ ಮುಗಿಸಿ ಬರುವುದೆಂದುಕೊಂಡಿದ್ದೆ.

ಅತ್ತೆ ಮೈಕನ್ನು ಹಸು ಕೊಳ್ಳುವವರ ಹಾಗೆ ಸುತ್ತಲೂ ನೋಡಿದರು. "ಇದಕ್ಕೆ ಏನು ನುಡಿಸ್ಬೇಕೋ?"

"ಈಗ ಏನಾದ್ರೂ ಪರವಾಗಿಲ್ಲ ಅತ್ತೆ. ಇದು ಬರೀ ಪರೀಕ್ಷೆ. ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ವಾ?"

"ಇಲ್ಲ. ಲೆವೆಲ್ ನೋಡೋಕೆ ಅಷ್ಟೆ. ಆಮೇಲೆ ಅಳಿಸಿ ಹಾಕ್ತೀನಿ."

"ಹಾಗಾದ್ರೆ ಸರಿ," ಅಂದು ಪಿಟೀಲನ್ನು ಎದೆಗೆ ಒರಗಿಸಿಕೊಂಡರು.

ಪರೀಕ್ಷೆ 1: ಕುರಿ ಕಳೆದುಕೊಂಡು ಹುಡುಕಿಕೊಂಡು ಹೋದವನದು ಎಂದರು. ಮೈನಸ್ ಆರು, ಜೋರಾಯಿತು. ಪರೀಕ್ಷೆ 2: ಇದಕ್ಕೆ ಹೆಸರಿಲ್ಲ, ಅಡುಗೆ ಮನೆಯದು ಎಂದರು. ಮೈನಸ್ ಇಪ್ಪತ್ತು. ಪರೀಕ್ಷೆ 3: ಕಿವಿ ಕೇಳದ ನೆರೆಮನೆಯವನದು. ಮೈನಸ್ ಹದಿಮೂರು, ಸರಿಯಿದೆ. ಆದರೆ ಫ್ರಿಜ್ಜು ಕೇಳಿಸುತ್ತದೆ.

ಮನೆಗೆ ಬಂದು ಮೂರನ್ನೂ ಕಂಪ್ಯೂಟರಿನ ಕಸದ ಬುಟ್ಟಿಗೆ ಎಳೆದೆ. ಪರೀಕ್ಷೆಯದು ಅಪ್ಪಿತಪ್ಪಿ ಸಂಗ್ರಹಾಲಯಕ್ಕೆ ಹೋದರೆ ಅತ್ತೆಗೆ ಅವಮಾನ. ಬುಟ್ಟಿ ಖಾಲಿ ಮಾಡಲು ಹೋದರೆ ಕೇಳಿತು: "ಇವು ಶಾಶ್ವತವಾಗಿ ಹೋಗುತ್ತವೆ. ನಿಮಗೆ ಖಚಿತವೇ?"

ಮೂರು ಸಲ ಓದಿದೆ. "ಇಲ್ಲ" ಒತ್ತಿದೆ. ಹಾಗೆ ಕೇಳಿದರೆ ಯಾರಿಗೆ ತಾನೇ ಖಚಿತ ಇರುತ್ತದೆ.

ಜನವರಿ 31, ಬುಧವಾರ

ಫ್ರಿಜ್ಜಿನ ವಿಷಯ ಅತ್ತೆಗೆ ಹೇಳಿದೆ. ಆಫ್ ಮಾಡಿದರೆ ಒಳಗಿನದು ಹಾಳಾಗುತ್ತದಲ್ಲ ಎಂದೆ.

"ಒಳಗಿರೋದು ಹುಳಿ ಮೀನು. ಸೆಪ್ಟೆಂಬರ್‌ನಿಂದ ಕೊಳೀತಾ ಇದೆ. ಇನ್ನೇನೋ ಹಾಳಾಗೋದು?"

ಆಫ್ ಮಾಡಿದೆ. ಆಗ ಸೌದೆ ಒಲೆ ಟಿಕ್ ಟಿಕ್ ಅನ್ನುವುದು ಕೇಳಿಸಿತು. ಒಲೆ ಆರಿಸಿದೆವು. ಆಗ ಗಡಿಯಾರ. ಗಡಿಯಾರವನ್ನು ಹಾಸಿಗೆಯಲ್ಲಿ ಸುತ್ತಿಟ್ಟೆ. ಆಮೇಲೆ ಚಳಿಗೆ ಅತ್ತೆಯ ಬೆರಳು ಓಡಲಿಲ್ಲ. ಮತ್ತೆ ಒಲೆ ಹಚ್ಚಿದೆವು.

ಪರೀಕ್ಷೆ 4ರಿಂದ 12. ಒಂಬತ್ತನೆಯದರ ನಡುವೆ ಫ್ರಿಜ್ಜು ಗುರ್ ಅಂದಿತು. ನಾನು ತಪ್ಪು ಪ್ಲಗ್ ಕಿತ್ತಿದ್ದೆ, ಅದು ಕಾಫಿ ಯಂತ್ರದ್ದು. "ನಿಲ್ಸಿ, ನಿಲ್ಸಿ," ಎಂದು ರೆಕಾರ್ಡಿಂಗ್ ನಿಲ್ಲಿಸಿ ಫ್ರಿಜ್ಜಿನ ಹಿಂದೆ ತೂರಿದೆ. ಅತ್ತೆ ಮಾತ್ರ ನಿಲ್ಲಿಸಲಿಲ್ಲ, ನಾನು ಗೋಡೆಗೂ ಫ್ರಿಜ್ಜಿಗೂ ನಡುವೆ ಸಿಕ್ಕಿಕೊಂಡಿರುವಾಗ ಕೊನೆಯವರೆಗೂ ನುಡಿಸಿದರು. ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು, ಅವರು ಅದನ್ನೇ ಇನ್ನೆರಡು ಸಲ ನುಡಿಸಿದರು. ಕಣ್ಣು ಮುಚ್ಚಿತ್ತು, ನನ್ನನ್ನು ನೋಡಿದ ಹಾಗೆ ಕಾಣಲಿಲ್ಲ.

ಊಟ ಮಾಡಿಕೊಂಡು ಹೋಗು ಅಂದರು. ಹುಳಿ ಮೀನು, ಆಲೂಗಡ್ಡೆಯ ಲೆಫ್ಸೆ ರೊಟ್ಟಿ. ಕಾರಿನಲ್ಲಿ ವಾಸನೆ ಉಳಿಯುತ್ತದೆಂದು ಚಿಂತೆಯಾಯಿತು. ಎರಡು ಸಲ ಬಡಿಸಿಕೊಂಡೆ.

ಬುಟ್ಟಿ ಮತ್ತೆ ಕೇಳಿತು. ಇಲ್ಲ.

ಫೆಬ್ರವರಿ 5, ಸೋಮವಾರ

"ಏನದು ಬೆಳಗ್ಗಿನಿಂದ ಸಿಳ್ಳೆ?" ಅಂದ ಟೊರ್ಲೈಫ್.

ನಾನು ಸಿಳ್ಳೆ ಹಾಕುವುದಿಲ್ಲ ಅಂದೆ. ಯಾವತ್ತೂ ಹಾಕಿದವನಲ್ಲ.

"ಹಾಕ್ತಿದೀಯ. ಕೆಳಗೆ ಇಳಿದು ಮುಗೀತು ಅನ್ನೋಷ್ಟ್ರಲ್ಲಿ ಮತ್ತೆ ಮೇಲಕ್ಕೆ ಹೋಗುತ್ತಲ್ಲ, ಅದು. ರಾತ್ರಿ ನನ್ ತಲೇಲೂ ಅದೇ ಓಡ್ತಿತ್ತು. ನಮ್ಮನೆಯವಳು ಬಯ್ತಾಳೆ."

ಕ್ರೇನಿನ ಬೇರಿಂಗ್ ಸದ್ದಿರಬೇಕು. ಗ್ರೀಸ್ ಹಾಕಿಸಲು ಹೇಳಿದೆ.

ಫೆಬ್ರವರಿ 7, ಬುಧವಾರ

ಕಾಲಿನ ತೊಂದರೆ. ಅತ್ತೆ ನುಡಿಸುವಾಗ ಎರಡೂ ಕಾಲಿನಿಂದ ನೆಲ ಕುಟ್ಟುತ್ತಾರೆ. ಇಲ್ಲಿಯ ಪಿಟೀಲಿನವರೆಲ್ಲ ಕುಟ್ಟುವವರೇ, ಆದರೆ ಹೆಡ್‌ಫೋನಿನಲ್ಲಿ ಕೇಳಿದರೆ ಮೇಲಿನ ಮನೆಯಲ್ಲಿ ಯಾರೋ ಕಪಾಟು ಸರಿಸಿದ ಹಾಗೆ. ಮೈಕಿನ ಸ್ಟ್ಯಾಂಡೂ ಹಾರುತ್ತದೆ. ಕಾಲಡಿಗೆ ಕುರಿತೊಗಲು ಹಾಸಿದೆ. ಸಾಲಲಿಲ್ಲ. ಬೂಟು ಬಿಚ್ಚಿ ಉಣ್ಣೆಯ ಕಾಲ್ಚೀಲದಲ್ಲಿ ನುಡಿಸಿ ಅಂದೆ.

ನಾಲ್ಕು ಸುತ್ತು ನುಡಿಸಿ ನಿಲ್ಲಿಸಿಬಿಟ್ಟರು. "ಬರ್ತಿಲ್ಲ ಕಣೋ."

"ಮರೆತುಹೋಯ್ತಾ?"

"ಬೆರಳಿಗೆ ಗೊತ್ತಿದೆ. ಕಾಲು ಕೇಳಿಸ್ದೆ ಇದ್ರೆ ಬೆರಳು ಕಾಯ್ತಾ ಕೂರುತ್ತೆ."

ಪರೀಕ್ಷೆಗೆ ಬೂಟು ಹಾಕಿಕೊಳ್ಳಲಿ, ಕೊನೆಗೆ ನಿಜವಾಗಿ ರೆಕಾರ್ಡ್ ಮಾಡುವ ದಿನ ಮಾತ್ರ ಕಾಲ್ಚೀಲ ಎಂದು ಒಪ್ಪಂದವಾಯಿತು. ಪರೀಕ್ಷೆ 13ರಿಂದ 22, ಎಲ್ಲದರಲ್ಲೂ ಕಪಾಟು. ಎಲ್ಲ ಬುಟ್ಟಿಗೆ.

ಅತ್ತೆ ನನಗೆಂದು ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ತಂದಿಟ್ಟಿದ್ದಾರೆ. ಸೈಜು ಸರಿಯಿದೆ. ಯಾರನ್ನು ಕೇಳಿದರೋ.

ಫೆಬ್ರವರಿ 14, ಬುಧವಾರ

ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕೆಂದು ಸಾಫ್ಟ್‌ವೇರ್ ಕೇಳುತ್ತದೆ. ನಲವತ್ತನಾಲ್ಕು ಸಾವಿರ, ನಲವತ್ತೆಂಟು ಸಾವಿರ, ತೊಂಬತ್ತಾರು ಸಾವಿರ. ಮೊದಲನೆಯದೇ ಸಾಕು ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಬರೆಯುತ್ತಾರೆ. ಕಡಿಮೆ ಇಟ್ಟು ಆಮೇಲೆ ಸಾಲದೆ ಹೋದರೆ? ತೊಂಬತ್ತಾರು ಇಟ್ಟೆ.

ಸಾಫ್ಟ್‌ವೇರಿನಲ್ಲಿ ತಾಳಕ್ಕೆ ಟಿಕ್ ಟಿಕ್ ಅನ್ನುವ ವ್ಯವಸ್ಥೆಯೂ ಇದೆ, ಅದಿಲ್ಲದೆ ರೆಕಾರ್ಡ್ ಮಾಡಬೇಡಿ ಎಂದು ಅಲ್ಲೇ ಒಬ್ಬರು ಎಚ್ಚರಿಸಿದ್ದರು. ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಐದು ಎಣಿಸುವಷ್ಟರಲ್ಲಿ ಕಿತ್ತುಕೊಟ್ಟರು.

"ಇದಕ್ಕೆ ಕುಂಟೋಕೆ ಬರಲ್ಲ."

"ಕುಂಟೋದು ಅಂದ್ರೆ?"

"ಮೊದಲ್ನೇ ಹೆಜ್ಜೆ ಗಿಡ್ಡ, ಎರಡ್ನೇದು ಉದ್ದ, ಮೂರ್ನೇದು ಎಲ್ಲಿ ಬೀಳುತ್ತೋ ಅಲ್ಲಿ. ಇದೇನೋ ಇದು, ಅಂಚೆ ಕಚೇರಿ ಮುದ್ರೆ ಒತ್ತಿದ ಹಾಗೆ."

ಟಿಕ್ ಟಿಕ್ ಆಫ್. ಪರೀಕ್ಷೆ 23ರಿಂದ 31. ಉಂಗುರದ ಬೆರಳು ಹೋದ ತಿಂಗಳಿಗಿಂತ ಹೆಚ್ಚು ಬಾಗಿದೆ. ಒಂದು ಕಡೆ ಅದು ಮುಟ್ಟಲಿಲ್ಲ, ನಡುಬೆರಳಿನಿಂದ ದಾಟಿಸಿದರು. ನಾನು ನೋಡಿದ್ದನ್ನು ಅವರು ನೋಡಿದರು.

"ಆ ದಿನ ತಾತನ ಮಟ್ಟುಗಳನ್ನ ನುಡಿಸ್ತೀರಲ್ಲ ಅತ್ತೆ?" ಎಂದೆ.

"ಆ ದಿನ ನೋಡೋಣ. ಕಾಫಿ ಆರ್ತಿದೆ."

ಫೆಬ್ರವರಿ 26, ಸೋಮವಾರ

ಕಂಪ್ಯೂಟರ್ ತುಂಬಿತು. ಇನ್ನು ಜಾಗವಿಲ್ಲ, ಕಸದ ಬುಟ್ಟಿಯನ್ನು ಖಾಲಿ ಮಾಡಿ ಎಂದು ಅದೇ ಹೇಳುತ್ತಿದೆ. ತೊಂಬತ್ತಾರು ಸಾವಿರದ ಫಲ.

"ಖಾಲಿ ಮಾಡು ಮತ್ತೆ," ಅಂದ ಟೊರ್ಲೈಫ್.

"ಖಚಿತವೇ ಅಂತ ಕೇಳುತ್ತೆ."

"ಹೂಂ ಅನ್ನು."

"ಅದ್ರೊಳಗೆ ಬೇರೇನಾದ್ರೂ ಬಿದ್ದಿದ್ರೆ?"

ಅವನು ಕೈಯಲ್ಲಿದ್ದ ಮೈಕ್ರೋವೇವನ್ನು ಲೋಹದ ತೊಟ್ಟಿಗೆ ಎಸೆದು ನನ್ನ ಕಡೆ ತಿರುಗಿದ. "ಸೀವರ್, ನೀನು ಕಸದ ಯಾರ್ಡಿನ ನೌಕರ. ಎಸೆಯೋಕೆ ನಿಂಗೆ ಸಂಬಳ ಕೊಡ್ತಾರೆ."

ಸಂಜೆ ಬುಟ್ಟಿಯ ಮುಂದೆ ಕೂತೆ. "ಹೌದು" ಮೇಲೆ ಬೆರಳಿಟ್ಟೆ. ಹಾಗೇ ಎತ್ತಿ ಕಾರು ತೆಗೆದು ಪಟ್ಟಣಕ್ಕೆ ಹೋಗಿ ಹೊರಗಿನಿಂದ ಜೋಡಿಸುವ ಒಂದು ಡಿಸ್ಕು ತಂದೆ. ಇನ್ನು ಮೇಲಿನ ರೆಕಾರ್ಡಿಂಗು ಅದಕ್ಕೆ. ಬುಟ್ಟಿ ಹಾಗೇ ಇರಲಿ. ಎಲ್ಲ ಮುಗಿದ ಮೇಲೆ ಟೊರ್ಲೈಫ್‌ನಿಂದ ಒತ್ತಿಸುವುದು.

ಫೆಬ್ರವರಿ 28, ಬುಧವಾರ

ಹಿಮ ಬಿದ್ದು ಅತ್ತೆಯ ಮಾಡು ಭಾರವಾಗಿತ್ತು. ಹಿಮ ಕೆರೆದು ಹಾಕಿದೆ. ಸಾಮಾನು ಕಾರಿನಲ್ಲೇ ಉಳಿಯಿತು. ಅತ್ತೆ ವಾಫಲ್ ಮಾಡಿದರು, ಕಂದು ಚೀಸು ಹಚ್ಚಿಕೊಂಡು ತಿಂದೆವು. ಆಮೇಲೆ ತಾನಾಗಿ ಪಿಟೀಲು ತೆಗೆದರು. ರೆಕಾರ್ಡ್ ಮಾಡುತ್ತಿಲ್ಲವಾದ್ದರಿಂದ ಲೆವೆಲ್ ಗೊತ್ತಿಲ್ಲ.

ಮಾರ್ಚ್ 6, ಬುಧವಾರ

ಪರೀಕ್ಷೆ 32ರಿಂದ 61. ಇದೇ ಕೊನೆಯ ಪರೀಕ್ಷೆ ಎಂದು ಹೇಳಿದ್ದಕ್ಕೋ ಏನೋ, ಅತ್ತೆ ನಿಲ್ಲಿಸಲೇ ಇಲ್ಲ. ಮೂರನೇ ತಾಸಿಗೆ ನಾನು ಲೆವೆಲ್ ಬರೆಯುವುದನ್ನು ಬಿಟ್ಟೆ.

"ಅತ್ತೆ, ಕೈ ನೋಯುತ್ತೆ, ಸಾಕು ಮಾಡು," ಅಂದೆ.

"ಲೆಕ್ಕಕ್ಕಿಲ್ಲ ತಾನೆ?"

"ಇಲ್ಲ."

"ಸುಮ್ನೆ ಕೂತ್ಕೋ ಹಾಗಾದ್ರೆ."

ಎಲ್ಲವನ್ನೂ ಬುಟ್ಟಿಗೆ ಹಾಕಿದೆ.

ಸೆಟ್ಟಿಂಗ್, ಕೊನೆಯದು: ಮೈಕು ಎರಡು ಮೊಳ ದೂರ, ಪಿಟೀಲಿನ ಎತ್ತರಕ್ಕಿಂತ ಸ್ವಲ್ಪ ಮೇಲೆ. ಫ್ರಿಜ್ಜಿನ ಪ್ಲಗ್ ಎಡಗಡೆಯದು. ಎಡಗಡೆಯದು.

ಮಾರ್ಚ್ 10, ಭಾನುವಾರ

ಆಯಿತು. ಎಲ್ಲ ಸರಿಯಾಯಿತು ಎಂದು ಬರೆಯಲು ಹೆದರಿಕೆ, ಆದರೂ ಬರೆಯುತ್ತೇನೆ.

ಅತ್ತೆ ಬೆಳ್ಳಿಯ ಪದಕ ಸಿಕ್ಕಿಸಿ, ಕೂದಲು ಕಟ್ಟಿ, ಚರ್ಚಿಗೆ ಹೊರಟವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಾಲ್ಚೀಲ ಹಾಕಿದ್ದರು. ಫ್ರಿಜ್ಜು ಆಫ್, ಗಡಿಯಾರ ಹಾಸಿಗೆಯಲ್ಲಿ, ಒಲೆಯಲ್ಲಿ ಬರೀ ಕೆಂಡ.

"ಇದು ಲೆಕ್ಕಕ್ಕಾ?"

"ಹೌದು ಅತ್ತೆ. ಇದೇ ನಿಜವಾದ್ದು."

ನಾಲ್ಕು ಮಟ್ಟು ನುಡಿಸಿದರು. ಎರಡು ಮದುವೆ ಮೆರವಣಿಗೆಯವು, ಎರಡು ಕುಣಿತದವು. ಎಲ್ಲೋ ಕೇಳಿದಂತಿದೆ ಅನ್ನಿಸಿತು, ಒಳ್ಳೆಯದೇ ಅಂದುಕೊಂಡೆ. ಒಂದು ತಪ್ಪೂ ಇಲ್ಲ. ಉಸಿರಿನ ಸದ್ದೂ ಇಲ್ಲ. ಮೈನಸ್ ಹನ್ನೆರಡು ಒಮ್ಮೆಯೂ ದಾಟಲಿಲ್ಲ. ಹದಿನಾಲ್ಕು ನಿಮಿಷ.

"ಇನ್ನೂ ನುಡಿಸ್ತೀಯಾ?"

"ಇಷ್ಟು ಸಾಕು. ಜಾಸ್ತಿ ಆದ್ರೆ ಜನ ಏನಂದ್ಕೊಳ್ತಾರೆ."

ರಾಂಡಿಗೆ ಕಳಿಸಿದೆ. ಹೋಯಿತೇ ಎಂದು ಆರು ಸಲ ನೋಡಿದೆ. ಹೋಗಿದೆ.

ಮಾರ್ಚ್ 12, ಮಂಗಳವಾರ

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕರೆದುಕೊಂಡು ಬಂದೆ. ದಾರಿ ಜಾರುತ್ತಿತ್ತು. ಕೈ ಇಷ್ಟು ದಪ್ಪ ಬ್ಯಾಂಡೇಜು.

ಏಪ್ರಿಲ್ 3, ಬುಧವಾರ

ಬ್ಯಾಂಡೇಜು ಬಿಚ್ಚಿದ್ದಾರೆ. ಬೆರಳು ನೆಟ್ಟಗೆ ನಿಂತಿವೆ. ಬಗ್ಗಿಸಿದರೆ ಅರ್ಧಕ್ಕೆ ನಿಲ್ಲುತ್ತವೆ, ತಂತಿಯ ತನಕ ಬರುವುದಿಲ್ಲ. ವ್ಯಾಯಾಮ ಮಾಡಿದರೆ ಬಟ್ಟಲು ಹಿಡಿಯಬಹುದು, ಗುಂಡಿ ಹಾಕಿಕೊಳ್ಳಬಹುದು ಎಂದರಂತೆ. ಪಿಟೀಲಿನ ವಿಷಯ ಅತ್ತೆ ಕೇಳಲಿಲ್ಲವಂತೆ.

ನಾನು ಹೋಗುವ ಹೊತ್ತಿಗೆ ತಂತಿ ಸಡಿಲಿಸಿ ಗೋಡೆಗೆ ತೂಗುಹಾಕಿದ್ದರು. "ನಲವತ್ತೆಂಟರ ಗುಂಡಿ ಒತ್ತಿದ್ರೂ ಇನ್ನು ಸದ್ದು ಬರಲ್ಲ," ಅಂದರು. ನಾನು ನಗಬೇಕಿತ್ತು ಅನ್ನಿಸುತ್ತದೆ.

ಏಪ್ರಿಲ್ 9, ಮಂಗಳವಾರ

ಗುಡಿಸಲಿನಲ್ಲಿ ಇರುವಾಗ ಫೋನ್ ಬಂತು. ಹಲ್ಲಿನ ಡಾಕ್ಟರಲ್ಲ, ರಾಂಡಿ.

"ಎಷ್ಟು ಚೊಕ್ಕವಾಗಿದೆ ಅಂದ್ರೆ, ನಮ್ಮ ಸ್ಟುಡಿಯೋದಲ್ಲೂ ಹೀಗೆ ಬರಲ್ಲ," ಅಂದರು. ಆಮೇಲೆ, "ಆದ್ರೆ ಸೀವರ್, ಈ ನಾಲ್ಕು ಮಟ್ಟು ಇಡೀ ಕಣಿವೆಯವ್ರಿಗೆಲ್ಲ ಬರುತ್ತೆ. ನಮ್ಮಲ್ಲಿ ಮೂವತ್ತು ಜನ ನುಡಿಸಿದ್ದು ಇದೆ. ದೋಣಿ ಹಾಲ್ಡೋರ್ ಅವರದ್ದು ಬೇರೆಯಾಗಿ ಕಳಿಸ್ತೀರಾ ಅಂತ ಕಾಯ್ತಾ ಇದ್ದೆ."

ಏನು ಹೇಳಿದೆನೋ ನೆನಪಿಲ್ಲ. ಟೊರ್ಲೈಫ್ ನನ್ನ ಕೈಯಿಂದ ಬಟ್ಟಲು ತೆಗೆದಿಟ್ಟ.

ಅರವತ್ತಮೂರು ದಿನ ಇತ್ತು. ನಾನು ಫ್ರಿಜ್ಜು ನೋಡಿಕೊಂಡು ಕೂತಿದ್ದೆ.

ಏಪ್ರಿಲ್ 10, ಬುಧವಾರ

ಅತ್ತೆಗೆ ಹೇಗೆ ಹೇಳುವುದೆಂದು ಚೀಟಿ ಬರೆದುಕೊಂಡು ಹೋದೆ. ಚೀಟಿ ತೆಗೆಯಲಿಲ್ಲ.

"ತಾತನ ಮಟ್ಟು ಯಾಕೆ ನುಡಿಸ್ಲಿಲ್ಲ ಅತ್ತೆ? ಅದಕ್ಕೇ ತಾನೆ ಇಷ್ಟೆಲ್ಲ ಮಾಡಿದ್ದು?"

ಅತ್ತೆ ಒಲೆಗೆ ಸೌದೆ ಹಾಕುತ್ತಿದ್ದರು, ಬಲಗೈಯಲ್ಲಿ. "ನುಡಿಸಿದ್ನಲ್ಲೋ."

"ಯಾವಾಗ?"

"ಎಲ್ಲ ನುಡಿಸಿದೀನಿ. ಕುರಿಯವನದು, ಕಿವುಡನದು, ಅಮ್ಮ ಹಿಟ್ಟು ನಾದುವಾಗ ಅಪ್ಪ ಕಟ್ಟಿದ್ದು. ನೀನು ಲೆಕ್ಕಕ್ಕಿಲ್ಲ ಅಂದಾಗೆಲ್ಲ."

"ಹೇಳೋದಲ್ವಾ, ಅದೇ ಅಂತ?"

"ಏನಂತ ಹೇಳ್ಲಿ? ನಮ್ಮಪ್ಪ ಕಟ್ಟಿದ್ದು, ಕೇಳ್ರಪ್ಪ, ಅಂತ ಊರಿಗೆಲ್ಲ ಸಾರ್ಲಾ? ಅಪ್ಪನೇ ಯಾವತ್ತೂ ಜನರ ಮುಂದೆ ಅವನ್ನ ನುಡಿಸ್ದವನಲ್ಲ. ದೋಣಿಯಲ್ಲಿ ಒಬ್ನೇ ಇರುವಾಗ ನುಡಿಸ್ತಿದ್ದ." ಒಲೆಯ ಬಾಗಿಲು ಹಾಕಿದರು. "ನೀನು ಅಳಿಸಿ ಹಾಕ್ತೀನಿ ಅಂದೆ. ನಿಂಗೆ ಕೇಳಿಸ್ತು, ಅಷ್ಟು ಸಾಕು ಅಂದ್ಕೊಂಡೆ."

ಕಾರು ಎಷ್ಟು ಜೋರಾಗಿ ಓಡಿಸಿದೆನೋ ಗೊತ್ತಿಲ್ಲ. ಮನೆಗೆ ಬಂದು ಬೂಟು ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತು ಬುಟ್ಟಿ ತೆರೆದೆ.

ಪರೀಕ್ಷೆ 1. ಪರೀಕ್ಷೆ 2. ಪರೀಕ್ಷೆ 3. ಹಾಗೇ ಕೆಳಗೆ, ಅರವತ್ತೊಂದರವರೆಗೆ.

"61 ಕಡತಗಳನ್ನು ಹಿಂದಕ್ಕೆ ತರಬೇಕೆ? ನಿಮಗೆ ಖಚಿತವೇ?"

ಒಂದೇ ಸಲ ಓದಿ "ಹೌದು" ಒತ್ತಿದೆ.

ಏಪ್ರಿಲ್ 12, ಶುಕ್ರವಾರ

ಅಳಿಸಿಲ್ಲ, ಕಳಿಸಲೇ ಎಂದು ಅತ್ತೆಯನ್ನು ಕೇಳಿದ್ದೆ, "ನಾನಂತೂ ಸಾರ್ಲಿಲ್ಲ, ನಿನ್ನಿಷ್ಟ," ಅಂದರು. ರಾಂಡಿಗೆ ನಾನೇ ಫೋನ್ ಮಾಡಿ ಅರವತ್ತೊಂದೂ ಇವೆ ಅಂದೆ. ಚೀಟಿ ಇರಲಿಲ್ಲ. ಅವರು ಆ ಕಡೆ ಏನನ್ನೋ ಕೆಳಗೆ ಬೀಳಿಸಿದರು.

ಫ್ರಿಜ್ಜು, ಒಲೆ, ಕಾಲು, "ಅತ್ತೆ ಸ್ವಲ್ಪ ಹಿಂದೆ ಸರೀರಿ" ಎನ್ನುವ ನನ್ನ ದನಿ ಎಲ್ಲ ಇದೆ ಎಂದು ಎಚ್ಚರಿಸಿದೆ. ಗಲಾಟೆ ತೆಗೆಯುವ ವ್ಯವಸ್ಥೆ ಸಾಫ್ಟ್‌ವೇರಿನಲ್ಲಿ ಇದೆಯಲ್ಲ, ನೋಡಿ ಅಂದರು. ನೋಡಿದೆ. ಫ್ರಿಜ್ಜು ಹೋಯಿತು, ಅದರ ಜೊತೆ ಕೆಳತಂತಿಯ ಗುಂಯ್ ಕೂಡ ಹೋಯಿತು. ಹಿಂದಕ್ಕೆ ತಂದೆ. ಫ್ರಿಜ್ಜು ಇರುತ್ತದೆ ಎಂದು ರಾಂಡಿಗೆ ಬರೆದೆ. ಇರಲಿ ಅಂದರು.

ಒಂದು ಮಾತ್ರ ಪೂರ್ತಿ ಇಲ್ಲ. ಒಂಬತ್ತು. ನಾನು "ನಿಲ್ಸಿ, ನಿಲ್ಸಿ" ಅನ್ನುವಲ್ಲಿಗೆ ಕಡಿದಿದೆ.

ಏಪ್ರಿಲ್ 17, ಬುಧವಾರ

ಮೈಕನ್ನೂ ಹೊತ್ತುಕೊಂಡು ಹೋದೆ. ಯಾಕೆಂದು ಗೊತ್ತಿಲ್ಲ, ಕಾರಿನಲ್ಲಿ ಇತ್ತು.

ಅತ್ತೆ ಒಂದೊಂದನ್ನೂ ಕೇಳುತ್ತ ಹೆಸರು ಹೇಳಿದರು, ನಾನು ಈ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡೆ. ಮೇಜಿನ ಕೆಳಗೆ ಅವರ ಕಾಲು ಕುಟ್ಟುತ್ತಿತ್ತು. ಒಂಬತ್ತು ಬಂತು. ಕಡಿಯಿತು.

"ಇದು ಅಪ್ಪನ ಕೊನೇದು," ಅಂದರು. "ಅವನು ದೋಣಿ ಮಾರಿದ ವರ್ಷದ್ದು."

"ಉಳಿದದ್ದು ಬಾಯಲ್ಲಿ ಹಾಡು ಅತ್ತೆ."

ಬಾಯಿ ತೆರೆದರು. ಎರಡು ಸಲ ಶುರು ಮಾಡಿದರು. ಎಡಗೈ ಮಡಿಲಲ್ಲಿ ಅಲುಗಿತು, ಬೆರಳು ಅರ್ಧಕ್ಕೆ ನಿಂತವು. "ಬೆರಳಲ್ಲಿತ್ತು ಕಣೋ ಅದು. ಬಾಯಲ್ಲಿ ಯಾವತ್ತೂ ಇರಲಿಲ್ಲ."

ಅತ್ತೆ ಕಿಟಕಿ ಕಡೆ ತಿರುಗಿದರು. ನಾನು ಕಾಫಿ ಸುರಿಯಲು ಎದ್ದೆ.

"ಏನಂದೆ?" ಅಂದರು ಅತ್ತೆ.

"ಏನೂ ಅನ್ಲಿಲ್ಲ."

"ಸಿಳ್ಳೆ ಹಾಕ್ದೆ. ಈಗ."

ನಾನು ಸಿಳ್ಳೆ ಹಾಕುವುದಿಲ್ಲ ಎಂದೆ.

"ಕೆಳಗಿಳಿದು ಮತ್ತೆ ಮೇಲಕ್ಕೆ ಹೋಗುತ್ತಲ್ಲ, ಅದು. ಕಡಿದು ಹೋದದ್ದು ಅದೇ ಕಣೋ. ಮತ್ತೆ ಹಾಕು." ಹಾಕಿದೆ. "ಅಲ್ಲಿ ಅಷ್ಟು ನೆಟ್ಟಗೆ ಹೋಗ್ಬೇಡ, ಕುಂಟು." ಕುಂಟಿದೆ. ಅವರು ಎದ್ದು ಹೋಗಿ ಬೂಟು ಹಾಕಿಕೊಂಡು ಬಂದರು.

ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. 48 ಒತ್ತಿದೆ. ಫ್ರಿಜ್ಜು ಓಡುತ್ತಿತ್ತು. ಸಂಗ್ರಹಾಲಯದಲ್ಲಿ ನೂರು ವರ್ಷ ಇರುತ್ತದೆ, ಸಿಳ್ಳೆ ತಪ್ಪಿದರೆ ನೂರು ವರ್ಷ ತಪ್ಪಿಯೇ ಇರುತ್ತದೆ ಎಂದು ಯೋಚನೆ ಬಂತು. ಕೈ ಗುಂಡಿಯ ಮೇಲೇ ನಿಂತಿತು.

ಅತ್ತೆ ಎರಡೂ ಕಾಲು ನೆಲಕ್ಕೂರಿ ನನ್ನನ್ನೇ ನೋಡುತ್ತಿದ್ದರು.

"ಲೆಕ್ಕಕ್ಕಿಲ್ಲ ಕಣೋ," ಅಂದರು. "ಬರೀ ಪರೀಕ್ಷೆ."

ಪರೀಕ್ಷೆ 62. ಲೆವೆಲ್ ನೋಡಲಿಲ್ಲ.